ಮಾವನ ಪೆಟ್ಟಿಗೆಯ ಬೆಳ್ಳಿ ಪದಕಗಳು: ಗುರುತು ಹಿಡಿಯುವುದು ಹೇಗೆ, ಬೆಲೆ ಕಟ್ಟುವುದು ಹೇಗೆ

ನಮ್ಮ ಸೋದರಮಾವ 1970ರ ದಶಕದಲ್ಲಿ ಅಮೆರಿಕಕ್ಕೆ ಹೋದವರು. ನಿವೃತ್ತಿಯಾದ ಮೇಲೆ ಮೈಸೂರಿಗೆ ವಾಪಸ್ ಬಂದರು. ತಂದ ಸಾಮಾನಿನಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ನೀಲಿ ಮಖಮಲ್ಲು, ಸಾಲಾಗಿ ಗುಂಡನೆಯ ಗುಳಿಗಳು, ಒಂದೊಂದು ಗುಳಿಯಲ್ಲೂ ಕನ್ನಡಿ ಥರ ಹೊಳೆಯುವ ಬೆಳ್ಳಿ ಪದಕ. "ಲಿಮಿಟೆಡ್ ಎಡಿಷನ್ ಕಣೋ ಇದು, ಮುಂದೆ ಲಕ್ಷಗಟ್ಟಲೆ ಬಾಳುತ್ತೆ" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ನನ್ನ ಕೈಗೆ ಬಂತು. ಜೊತೆಗೆ ಮನೆಯವರೆಲ್ಲರ ಪ್ರಶ್ನೆಯೂ ಬಂತು: ಇದಕ್ಕೆ ನಿಜವಾಗಿ ಎಷ್ಟು ಬರುತ್ತೆ?

ಉತ್ತರ ಹುಡುಕುವುದರಲ್ಲಿ ಎರಡು ವರ್ಷ ಹೋಯಿತು. ಒಂದು ಪದಕವನ್ನು ನಾನೇ ಹಾಳು ಮಾಡಿದೆ, ಒಂದು ಅಂಗಡಿಯಲ್ಲಿ ಮೋಸ ಹೋಗುವುದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಇಂಥ ಪೆಟ್ಟಿಗೆ ನಿಮ್ಮ ಮನೆಯಲ್ಲೂ ಇದ್ದರೆ, ಅಥವಾ ನೀವೇ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದು ಹಳೇ ಸಾಮಾನಿನ ಮಾರಾಟದಲ್ಲಿ ಇಂಥದ್ದು ಕಣ್ಣಿಗೆ ಬಿದ್ದರೆ, ಈ ಕ್ರಮದಲ್ಲಿ ಹೋಗಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಪದಕಗಳನ್ನು ಮಾಡಿದ್ದು ಖಾಸಗಿ ಟಂಕಸಾಲೆಗಳು, ಅಂದರೆ ಸರ್ಕಾರದ್ದಲ್ಲದ ಕಂಪನಿಗಳು. ಅವುಗಳಲ್ಲಿ ಬಹುಪಾಲಿಗೆ ಸಿಗುವುದು ಬೆಳ್ಳಿಯ ಬೆಲೆ ಮಾತ್ರ. ಹಾಗಾಗಿ ತಕ್ಕಡಿ ಮೊದಲು, ಕಥೆ ಆಮೇಲೆ.

ತೊಳೆಯಬೇಡಿ

ಪೆಟ್ಟಿಗೆ ತೆರೆದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಒಂದು ಪದಕ ಕಪ್ಪಾಗಿತ್ತು. ದೇವರ ಮನೆಯ ದೀಪ, ಪಂಚಪಾತ್ರೆ ಉಜ್ಜುವ ಅಭ್ಯಾಸ ಇದೆಯಲ್ಲ, ಅದೇ ಥರ ಒದ್ದೆ ಬಟ್ಟೆಗೆ ವಿಭೂತಿ ಹಾಕಿ ಚೆನ್ನಾಗಿ ಉಜ್ಜಿದೆ. ಕಪ್ಪು ಹೋಯಿತು. ಜೊತೆಗೆ ಕನ್ನಡಿಯಂಥ ಹೊಳಪೂ ಹೋಗಿ ಸಣ್ಣ ಸಣ್ಣ ಗೀರುಗಳು ಉಳಿದವು.

ಈ ಪದಕಗಳಲ್ಲಿ ಹೆಚ್ಚಿನವು ಪ್ರೂಫ್ ಅನ್ನುವ ರೀತಿಯಲ್ಲಿ ಅಚ್ಚಾದವು. ಅಂದರೆ ಹಿನ್ನೆಲೆ ಕನ್ನಡಿ ಥರ, ಉಬ್ಬಿದ ಚಿತ್ರ ಮಂಜು ಮುಸುಕಿದ ಥರ. ಆ ಕನ್ನಡಿ ಎಷ್ಟು ನಾಜೂಕು ಎಂದರೆ ಬೆರಳಿನ ಗುರುತೂ ಕೂತುಬಿಡುತ್ತದೆ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಅಂಗಡಿಯ ಸಿಲ್ವರ್ ಪಾಲಿಶ್, ಯಾವುದೂ ಬೇಡ. ಕಪ್ಪು ಎಂದರೆ ಗಾಳಿಯ ಗಂಧಕ ಬೆಳ್ಳಿಗೆ ಸೇರಿ ಆಗುವ ಪದರ, ಅದರಿಂದ ತೂಕಕ್ಕೇನೂ ನಷ್ಟವಿಲ್ಲ. ಸಂಗ್ರಹಕಾರರು ಕಪ್ಪನ್ನು ಕ್ಷಮಿಸುತ್ತಾರೆ, ಗೀರನ್ನು ಕ್ಷಮಿಸುವುದಿಲ್ಲ. ಹಳೇ ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪದಕದ ಮೇಲೆ ಹಸಿರು ಜಿಗುಟು ಕಂಡರೆ ಅದು ಬೇರೆ ವಿಷಯ. ಅದು ಪಿವಿಸಿ ಪ್ಲಾಸ್ಟಿಕ್‌ನಿಂದ ಬಂದದ್ದು, ಇನ್ನೂ ಹಾಳು ಮಾಡುತ್ತಾ ಹೋಗುತ್ತದೆ. ಅದಕ್ಕೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಅದ್ದಿ, ಉಜ್ಜದೆ, ಹಾಗೇ ಒಣಗಲು ಬಿಡಿ. ಬಣ್ಣ ಅಥವಾ ಎನಾಮಲ್ ಇರುವ ಪದಕಕ್ಕೆ ಅದೂ ಬೇಡ.

ಹತ್ತಿಯ ಗ್ಲೌಸ್ ಹಾಕಿಕೊಳ್ಳಿ, ಇಲ್ಲವಾದರೆ ಕೈ ತೊಳೆದು ಒರೆಸಿಕೊಂಡು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕೆಳಗೆ ಒಂದು ಟವೆಲ್ ಹಾಸಿರಿ. ಮೊಸಾಯಿಕ್ ನೆಲದ ಮೇಲೆ ಬಿದ್ದರೆ ಕಥೆ ಮುಗಿಯಿತು.

ನಾಣ್ಯವೋ ಪದಕವೋ?

ಇದು ಸುಲಭ, ಆದರೂ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಒಂದು ದೇಶದ ಹೆಸರು ಮತ್ತು ಮುಖಬೆಲೆ ಎರಡೂ ಇದ್ದರೆ ನಾಣ್ಯ. ಮುಖಬೆಲೆ ಇಲ್ಲದಿದ್ದರೆ ಸಾಮಾನ್ಯವಾಗಿ ಪದಕ. ದೊಡ್ಡದಾಗಿದೆ, ಹೊಳೆಯುತ್ತದೆ, ಪೆಟ್ಟಿಗೆಯಲ್ಲಿದೆ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ.

ಗೊಂದಲಕ್ಕೆ ಕಾರಣವೂ ಇದೆ. ಪದಕ ಮಾಡುತ್ತಿದ್ದ ಖಾಸಗಿ ಟಂಕಸಾಲೆಗಳೇ ಸಣ್ಣ ದೇಶಗಳಿಗೆ ನಿಜವಾದ ನಾಣ್ಯವನ್ನೂ ಅಚ್ಚು ಹಾಕಿಕೊಡುತ್ತಿದ್ದವು. 1970ರ ದಶಕದ ಪನಾಮಾದ 20 ಬಾಲ್ಬೋವ ನಾಣ್ಯ ಅಂಥದ್ದು. ತೂಕ 129.6 ಗ್ರಾಂ, ಅಂಗೈ ತುಂಬಾ ಬರುತ್ತದೆ. ಪದಕ ಅಂದುಕೊಂಡು ಮೂಲೆಗೆ ಎಸೆದವರಿದ್ದಾರೆ. ನಮ್ಮಲ್ಲೂ ಇದೆ. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ನಾಣ್ಯದ ಮೇಲೆ 1869–1948 ಎಂದು ಇರುವುದರಿಂದ ಅದನ್ನು 1948ರ ಪದಕ ಎಂದು ಮಾರಲು ಬರುವವರನ್ನು ನಾನು ನೋಡಿದ್ದೇನೆ. ಅದು ಭಾರತ ಸರ್ಕಾರದ ನಾಣ್ಯ, 15 ಗ್ರಾಂ, 80 ಪರ್ಸೆಂಟ್ ಬೆಳ್ಳಿ. ಆಮೇಲಿನ ದಶಕಗಳ 100 ರೂಪಾಯಿಯ ದೊಡ್ಡ ಸ್ಮರಣಾರ್ಥ ನಾಣ್ಯಗಳು 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಆದರೆ ಬೆಳ್ಳಿ ಅರ್ಧ ಮಾತ್ರ. ಮಿಕ್ಕದ್ದು ತಾಮ್ರ, ನಿಕ್ಕಲ್, ಸತು. ನಾಣ್ಯದ ಮಾರುಕಟ್ಟೆಯೇ ಬೇರೆ, ಆದ್ದರಿಂದ ಅವನ್ನು ಪಕ್ಕಕ್ಕಿಡಿ.

ಅಂಚು ಓದಿ

ಜನ ಪದಕದ ಮುಖ ನೋಡುತ್ತಾರೆ, ಹಿಂಭಾಗ ನೋಡುತ್ತಾರೆ. ಬೇಕಾದ ಮಾಹಿತಿ ಇರುವುದು ಅಂಚಿನಲ್ಲಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಒಂದು ತೆಗೆದುಕೊಳ್ಳಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಪದಕವನ್ನು ಬಳೆ ಉರುಳಿಸಿದ ಹಾಗೆ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಕೂದಲೆಳೆಯಷ್ಟು ಸಣ್ಣ ಅಕ್ಷರಗಳು ಕಾಣುತ್ತವೆ.

ಮಾವನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಫ್ರಾಂಕ್ಲಿನ್ ಮಿಂಟ್ ಹೆಸರು, ಒಂದು ಇಸವಿ, ಆಮೇಲೆ ಸಾಲಿಡ್ ಸ್ಟರ್ಲಿಂಗ್ ಸಿಲ್ವರ್ ಎಂಬ ಮೂರು ಪದ (ಸ್ಟರ್ಲಿಂಗ್ ಎಂದರೆ 92.5 ಪರ್ಸೆಂಟ್ ಬೆಳ್ಳಿ). ಕೆಲವು ಪದಕಗಳಲ್ಲಿ ಎಫ್ ಮತ್ತು ಎಂ ಅಕ್ಷರ ಸೇರಿಸಿದ ಗುರುತಷ್ಟೇ ಇರುತ್ತದೆ. ಈ ಕಂಪನಿಯ ಕಥೆ ಗೊತ್ತಿದ್ದರೆ ಬೆಲೆಯ ವಿಷಯ ಅರ್ಧ ಅರ್ಥವಾದ ಹಾಗೆ, ಅದಕ್ಕೇ ಸ್ವಲ್ಪ ಹೇಳುತ್ತೇನೆ. 1964ರಲ್ಲಿ ಅಮೆರಿಕದಲ್ಲಿ ಹಳೇ ಬೆಳ್ಳಿ ಡಾಲರ್‌ಗಳಿಗಾಗಿ ಜನ ಸರ್ಕಾರಿ ಖಜಾನೆಯ ಮುಂದೆ ಕ್ಯೂ ನಿಂತರು. ಜೋಸೆಫ್ ಸೀಗಲ್ ಎಂಬ ವ್ಯಾಪಾರಿಗೆ ಇದರಲ್ಲಿ ಒಂದು ದಾರಿ ಕಂಡಿತು. ಸರ್ಕಾರ ಬೆಳ್ಳಿ ಕೊಡದಿದ್ದರೆ ನಾನು ಕೊಡುತ್ತೇನೆ, ಚಂದದ ಪದಕದ ರೂಪದಲ್ಲಿ, ಚಂದಾದಾರರಿಗೆ ಮಾತ್ರ. ಅಮೆರಿಕದ ಸರ್ಕಾರಿ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಗಿಲ್ರಾಯ್ ರಾಬರ್ಟ್ಸ್, ಅಂದರೆ ಕೆನಡಿ ಅರ್ಧ ಡಾಲರಿನ ಮುಖ ಕೆತ್ತಿದಾತ, ಆ ಕೆಲಸ ಬಿಟ್ಟು ಇವನ ಜೊತೆ ಸೇರಿದ. ಪೆನ್ಸಿಲ್ವೇನಿಯಾದ ವಾವಾ ಎಂಬಲ್ಲಿ ಕಾರ್ಖಾನೆ. ಮುಂದೆ ಇದೇ ಸೀಗಲ್ 1986ರಲ್ಲಿ ಕ್ಯೂವಿಸಿ ಎಂಬ ಟೀವಿ ಮಾರಾಟದ ಚಾನೆಲ್ ಶುರು ಮಾಡಿದ. ಮನೆಯಲ್ಲಿ ಕೂತವರಿಗೆ ಮಾರುವ ಕಲೆ ಅವನಿಗೆ ಚೆನ್ನಾಗಿ ಒಲಿದಿತ್ತು, ಅಲ್ವಾ?

ಅಮೆರಿಕದಲ್ಲಿ ಡ್ಯಾನ್ಬರಿ ಮಿಂಟ್, ಲಿಂಕನ್ ಮಿಂಟ್, ಹ್ಯಾಮಿಲ್ಟನ್ ಮಿಂಟ್, ಮೆಡಾಲಿಕ್ ಆರ್ಟ್ ಕಂಪನಿ ಇದ್ದವು. ಲಂಡನ್‌ನಲ್ಲಿ ಜಾನ್ ಪಿಂಚಸ್ ಇತ್ತು. ಬ್ರಿಟನ್ನಿನ ಪದಕವಾದರೆ ಅಂಚಿನಲ್ಲಿ ಅಕ್ಷರಕ್ಕಿಂತ ಚಿತ್ರಗಳು ಹುಡುಕಿ. ನಡೆಯುತ್ತಿರುವ ಸಿಂಹ ಎಂದರೆ ಸ್ಟರ್ಲಿಂಗ್. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು, ಚಿರತೆಯ ತಲೆ ಇದ್ದರೆ ಲಂಡನ್, ಕಿರೀಟವೋ ಗುಲಾಬಿಯೋ ಇದ್ದರೆ ಶೆಫೀಲ್ಡ್. ಒಂದು ಒಂಟಿ ಅಕ್ಷರವೂ ಇರುತ್ತದೆ, ಅದು ವರ್ಷ ಹೇಳುತ್ತದೆ. ಹಡಗಿಗೆ ಸಂಬಂಧವಿಲ್ಲದ ಪದಕದ ಮೇಲೆ ಲಂಗರು ಕಂಡು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಈಗ ಸಂಖ್ಯೆಗಳು. 925 ಅಥವಾ ಸ್ಟರ್ಲಿಂಗ್ ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. 999 ಎಂದರೆ ಹೆಚ್ಚುಕಡಿಮೆ ಅಪ್ಪಟ. ಯೂರೋಪಿನಲ್ಲಿ 800, 835, 900 ಸಿಗುತ್ತವೆ. 1000 ಎಂಬ ಸಂಖ್ಯೆಯ ಬಗ್ಗೆ ಹುಷಾರು. ಜರ್ಮನಿಯ ಪದಕದ ಮೇಲೆ ಬರೀ 1000 ಇದ್ದರೆ ಅದು ಶುದ್ಧತೆ, ಅಂದರೆ ಅಪ್ಪಟ ಬೆಳ್ಳಿ. ಅಮೆರಿಕದ ಬೆಳ್ಳಿ ಬಿಲ್ಲೆಯ ಮೇಲೆ 1000 ಗ್ರೇನ್ಸ್ ಇದ್ದರೆ ಅದು ತೂಕ, ಶುದ್ಧತೆ ಅಲ್ಲ. 1000 ಗ್ರೇನ್ ಎಂದರೆ 64.8 ಗ್ರಾಂ, ಅದು ಸ್ಟರ್ಲಿಂಗ್ ಆದರೆ ಒಳಗಿನ ಬೆಳ್ಳಿ ಸುಮಾರು 60 ಗ್ರಾಂ. ಗ್ರೇನ್ಸ್ ಎಂಬುದನ್ನು ಗ್ರಾಮ್ಸ್ ಎಂದು ಓದಿ "ಒಂದು ಕೇಜಿ ಬೆಳ್ಳಿ" ಎಂದು ಕುಣಿದ ಗೆಳೆಯ ಒಬ್ಬನಿದ್ದಾನೆ. ಹೆಸರು ಹೇಳುವುದಿಲ್ಲ.

ಇನ್ನು ಕೆಲವು ಪದಗಳು ನಿಮ್ಮನ್ನು ದಾರಿ ತಪ್ಪಿಸಲೆಂದೇ ಇರುವ ಹಾಗಿವೆ. ಇಪಿಎನ್‌ಎಸ್ ಎಂಬ ನಾಲ್ಕಕ್ಷರ ಇದ್ದರೆ ಅದು ಗಿಲೀಟು, ಬೆಳ್ಳಿ ಬರೀ ಮೇಲ್ಪದರ. ನಿಕ್ಕಲ್ ಸಿಲ್ವರ್, ಜರ್ಮನ್ ಸಿಲ್ವರ್, ಅಲ್ಪಕಾ, ಇವುಗಳಲ್ಲಿ ಬೆಳ್ಳಿಯೇ ಇಲ್ಲ. ಸಿಲ್ವರ್ ಪ್ಲೇಟೆಡ್, ಸಿಲ್ವರ್ ಫಿನಿಷ್, ಅದೇ ಕಥೆ. ಇನ್ನೊಂದು ಉಲ್ಟಾ ಪ್ರಕರಣ ಇದೆ. ಚಿನ್ನದ ಬಣ್ಣದ ಪದಕ, ಅಂಚಿನಲ್ಲಿ 24 ಕ್ಯಾರಟ್ ಗೋಲ್ಡ್ ಆನ್ ಸ್ಟರ್ಲಿಂಗ್. ಅದು ಚಿನ್ನ ಲೇಪಿಸಿದ ಬೆಳ್ಳಿ. ಚಿನ್ನದ ಲೇಪಕ್ಕೆ ಏನೂ ಬರುವುದಿಲ್ಲ, ಬೆಳ್ಳಿಗೆ ಬರುತ್ತದೆ. ಅದೇ ಚಿತ್ರವನ್ನೇ ಕಂಪನಿಗಳು ಕಂಚಿನಲ್ಲೂ ಅಚ್ಚು ಹಾಕುತ್ತಿದ್ದವು, ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ಅಂಥದ್ದೇ ಚಿತ್ರ ಕಂಡು ನಿಮ್ಮದೂ ಬೆಳ್ಳಿ ಎಂದು ತೀರ್ಮಾನಿಸಬೇಡಿ.

ನಿಜವಾಗಿ ಬೆಳ್ಳಿಯೇ?

ಅಂಚಿನ ಮಾತನ್ನು ನಂಬಿ, ಆದರೆ ಪರೀಕ್ಷಿಸಿ. ಬೇಕಾದದ್ದು 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ, ಬಲವಾದ ಅಯಸ್ಕಾಂತ, ಒಂದು ಲೋಟ ನೀರು, ಹೊಲಿಗೆ ದಾರ.

ಅಯಸ್ಕಾಂತಕ್ಕೆ ಅಂಟಿಕೊಂಡರೆ ಬೆಳ್ಳಿ ಅಲ್ಲ. ಅಂಟದಿದ್ದರೆ ಏನೂ ಸಾಬೀತಾಗಲಿಲ್ಲ, ತಾಮ್ರ, ಹಿತ್ತಾಳೆ, ಸೀಸ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ. ಒರೆಗಲ್ಲು, ಆಸಿಡ್ ಪದಕಕ್ಕೆ ಬೇಡವೇ ಬೇಡ. ಉಜ್ಜಿದ ಜಾಗ ಕಾಣುತ್ತದೆ.

ನನಗೆ ಇಷ್ಟವಾದ ಪರೀಕ್ಷೆ ಆರ್ಕಿಮಿಡೀಸ್‌ನದ್ದು, ಅಡುಗೆಮನೆಯಲ್ಲೇ ಆಗುತ್ತದೆ. ಮೊದಲು ಪದಕವನ್ನು ಹಾಗೇ ತೂಗಿ ಬರೆದುಕೊಳ್ಳಿ, 26 ಗ್ರಾಂ ಎಂದಿಟ್ಟುಕೊಳ್ಳೋಣ. ಆಮೇಲೆ ಕುದಿಸಿ ಆರಿಸಿದ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಪದಕಕ್ಕೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಗೋಡೆಗೂ ತಾಗದ ಹಾಗೆ ತೂಗುಬಿಡಿ. ಗುಳ್ಳೆ ಅಂಟಿಕೊಂಡಿದ್ದರೆ ಅಲ್ಲಾಡಿಸಿ ಬಿಡಿಸಿ. ಆಗ ತಕ್ಕಡಿ ಒಂದು ಸಣ್ಣ ಸಂಖ್ಯೆ ತೋರಿಸುತ್ತದೆ. ಅದು ಪದಕ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. ತಕ್ಕಡಿ 2.51 ತೋರಿಸಿದರೆ 26ನ್ನು ಭಾಗಿಸಿದಾಗ 10.36 ಬರುತ್ತದೆ. ಸರಿಯಾಗಿ ಸ್ಟರ್ಲಿಂಗ್. ಅಪ್ಪಟ ಬೆಳ್ಳಿಯಾದರೆ 10.49. ಅದೇ 26 ಗ್ರಾಮಿನ ಜರ್ಮನ್ ಸಿಲ್ವರ್ ಪದಕ ಹತ್ತಿರಹತ್ತಿರ 3 ಗ್ರಾಂ ನೀರು ತಳ್ಳುತ್ತದೆ, ಉತ್ತರ 8.7ರ ಆಸುಪಾಸು. ಸೀಸವಾದರೆ 11ರ ಮೇಲೆ ಹೋಗುತ್ತದೆ. ಒಂದೇ ಸಲಕ್ಕೆ ನಂಬಬೇಡಿ, ಮೂರು ಸಲ ಮಾಡಿ. ಮುಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಒರೆಸಬೇಡಿ. ಇಡೀ ಸೆಟ್ಟಿಗೆ ಇದನ್ನು ಮಾಡುವ ಅಗತ್ಯ ಇಲ್ಲ. ತೂಕ ಎಲ್ಲದರದ್ದೂ ಒಂದೇ ಥರ ಇದ್ದರೆ ಅದರಲ್ಲಿ ಚಂದ ಕಡಿಮೆ ಇರುವ ಒಂದೆರಡನ್ನು ಮುಳುಗಿಸಿದರೆ ಸಾಕು.

ಇನ್ನೂ ಅನುಮಾನವಿದ್ದರೆ ಎಕ್ಸ್-ಕಿರಣ ಹಾಯಿಸಿ ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಕೊಡಿ. ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ, ದೊಡ್ಡ ಒಡವೆ ಅಂಗಡಿಗಳಲ್ಲಿ, ಬೆಂಗಳೂರಿನ ನಗರ್ತಪೇಟೆಯಂಥ ಅಕ್ಕಸಾಲಿಗರ ಬೀದಿಗಳಲ್ಲಿ ಇರುತ್ತದೆ. ಪದಕಕ್ಕೆ ಗೀರೂ ಬೀಳುವುದಿಲ್ಲ, ಒಂದೆರಡು ನಿಮಿಷದಲ್ಲಿ ಚೀಟಿ ಕೊಡುತ್ತಾರೆ. ಒಂದೇ ತೊಂದರೆ ಎಂದರೆ ಅದು ಮೇಲ್ಮೈಯನ್ನಷ್ಟೇ ಓದುತ್ತದೆ, ದಪ್ಪ ಗಿಲೀಟು ಇದ್ದರೆ ಅಪ್ಪಟ ಬೆಳ್ಳಿ ಎಂದೇ ಹೇಳಿಬಿಡಬಹುದು. ನೀರಿನ ಪರೀಕ್ಷೆ ಒಳಗಿನದ್ದನ್ನು ಹೇಳುತ್ತದೆ, ಯಂತ್ರ ಹೊರಗಿನದ್ದನ್ನು ಹೇಳುತ್ತದೆ. ಎರಡೂ ಹೊಂದಿಕೆಯಾದರೆ ನಿದ್ದೆ ಮಾಡಬಹುದು.

ಮೂಲಬೆಲೆ: ಎರಡು ನಿಮಿಷದ ಲೆಕ್ಕ

ಮೂಲಬೆಲೆ ಎಂದರೆ ಒಳಗಿನ ಬೆಳ್ಳಿಯ ಬೆಲೆ. ತೂಕವನ್ನು ಶುದ್ಧತೆಯಿಂದ ಗುಣಿಸಿ, ಅದನ್ನು ಇವತ್ತಿನ ಗ್ರಾಂ ದರದಿಂದ ಗುಣಿಸಿ. 26 ಗ್ರಾಂ ಸ್ಟರ್ಲಿಂಗ್ ಎಂದರೆ 26 ಗುಣಿಸು 0.925, ಅಂದರೆ 24.05 ಗ್ರಾಂ ಬೆಳ್ಳಿ. ಲೆಕ್ಕ ಸುಲಭವಾಗಲಿ ಎಂದು ಗ್ರಾಮಿಗೆ 100 ರೂಪಾಯಿ ಹಿಡಿದರೆ 2,405 ರೂಪಾಯಿ. ದರ ಎಷ್ಟಿದೆ ಎಂಬುದನ್ನು ಅವತ್ತಿನ ಪೇಪರಿನಲ್ಲಿ ನೋಡಿಕೊಳ್ಳಿ, ಬೆಳ್ಳಿ ಯಾರ ಮಾತೂ ಕೇಳುವುದಿಲ್ಲ. ಅಂಥ 50 ಪದಕಗಳ ಪೆಟ್ಟಿಗೆಯಲ್ಲಿ 1.2 ಕೇಜಿ ಬೆಳ್ಳಿ ಇರುತ್ತದೆ. ಯಾರೂ ಕೊಳ್ಳದ ಪೆಟ್ಟಿಗೆ ಎಂದರೂ ಅದು ಸಣ್ಣ ಮೊತ್ತವಲ್ಲ.

ಔನ್ಸ್ ವಿಷಯದಲ್ಲಿ ಹುಷಾರು. ಬೆಳ್ಳಿಯ ಔನ್ಸ್ ಟ್ರಾಯ್ ಔನ್ಸ್, 31.1 ಗ್ರಾಂ. ಅಡುಗೆಮನೆಯ ಔನ್ಸ್ 28.35 ಗ್ರಾಂ. ಅಮೆರಿಕದಲ್ಲಿ ಹಳೇ ಸಾಮಾನು ಮಾರುವವರು ಅಡುಗೆ ತಕ್ಕಡಿಯಲ್ಲಿ ತೂಗಿ ಔನ್ಸ್ ಲೆಕ್ಕ ಹೇಳಿದರೆ, ನೀವು ಕೊಳ್ಳುವವರಾದರೆ ಶೇಕಡಾ 10ರ ಹತ್ತಿರ ಜಾಸ್ತಿ ಕೊಟ್ಟ ಹಾಗೆ. ಎಲ್ಲವನ್ನೂ ಗ್ರಾಮಿನಲ್ಲೇ ಕೇಳಿ.

ಮೂಲಬೆಲೆಯ ಮೇಲೆ ಏನಾದರೂ ಬರುತ್ತದೆಯೇ?

ಮಾವನ ಲಿಮಿಟೆಡ್ ಎಡಿಷನ್ ಮಾತಿಗೆ ಈಗ ಬರೋಣ. ಸುಳ್ಳಲ್ಲ ಅದು, ಆದರೆ ಅರ್ಥ ಬೇರೆ. ಕಂಪನಿ ಒಂದು ಗಡುವು ಹಾಕುತ್ತಿತ್ತು, ಆ ದಿನದೊಳಗೆ ಎಷ್ಟು ಜನ ಹಣ ಕಟ್ಟಿದರೋ ಅಷ್ಟು ಸೆಟ್ ಅಚ್ಚು ಹಾಕಿ ಅಚ್ಚನ್ನು ನಾಶ ಮಾಡುತ್ತಿತ್ತು. ಮಿತಿ ಎಂದರೆ ಅದೇ. ಹತ್ತು ಸಾವಿರ ಜನ ಕಟ್ಟಿದರೆ ಹತ್ತು ಸಾವಿರ! ಬೇಕು ಅಂದವರಿಗೆಲ್ಲ ಅವತ್ತೇ ಸಿಕ್ಕಿಬಿಟ್ಟಿತ್ತು, ನಾಳೆ ಹುಡುಕಿಕೊಂಡು ಬರುವವರು ಯಾರು? ಅದೂ ಅಲ್ಲದೆ ಒಳಗಿನ ಬೆಳ್ಳಿಗಿಂತ ಹಲವು ಪಟ್ಟು ಬೆಲೆಗೆ ಮಾರಿದ್ದು. 1978ರಲ್ಲಿ ಅಮೆರಿಕದ ಸಿಬಿಎಸ್ ಟೀವಿಯ 60 ಮಿನಿಟ್ಸ್ ಕಾರ್ಯಕ್ರಮ, ಇವನ್ನು ಮಾರಲು ಹೋದರೆ ಕೊಟ್ಟ ದುಡ್ಡೂ ಬರುವುದಿಲ್ಲ ಎಂದು ತೋರಿಸಿತು. ಮಾವನ ಪೆಟ್ಟಿಗೆಯಲ್ಲಿದ್ದ ರಸೀದಿ ಅದಕ್ಕಿಂತ ಹಿಂದಿನದು, ಪಾಪ.

ಆಮೇಲೆ ಒಂದು ವಿಚಿತ್ರ ನಡೆಯಿತು. ಟೆಕ್ಸಾಸ್‌ನ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ರಾಶಿ ಕೊಂಡು, 1980ರ ಜನವರಿಯಲ್ಲಿ ದರ ಔನ್ಸಿಗೆ 50 ಡಾಲರ್ ಹತ್ತಿರ ಹೋಯಿತು. ಜನ ಪದಕಗಳನ್ನು ಬುಟ್ಟಿಗಟ್ಟಲೆ ತಂದು ಕರಗಿಸಲು ಕೊಟ್ಟರು. ಮಾರ್ಚ್ 27ಕ್ಕೆ ದರ ಕುಸಿದುಬಿತ್ತು, ಆದರೆ ಕರಗಿದ್ದು ಕರಗಿತ್ತು. ಹಾಗಾಗಿ ಕಂಪನಿಯ ಕಾಗದದಲ್ಲಿ ಇಷ್ಟು ಸೆಟ್ ಎಂದು ಬರೆದಿರುವುದಕ್ಕಿಂತ ಇವತ್ತು ಉಳಿದಿರುವುದು ಕಡಿಮೆ. ಅಪರೂಪವಾಗಿದ್ದು ನಿಜ, ಆದರೆ ಕೇಳುವವರೂ ಅಪರೂಪ. ಅದಕ್ಕೇ ಬೆಲೆ ಏರಲಿಲ್ಲ.

ಹಾಗಾದರೆ ಯಾವುದಕ್ಕೆ ಜಾಸ್ತಿ ಬರುತ್ತದೆ? ನಾನು ನೋಡಿದ ಮಟ್ಟಿಗೆ, ಪದಕ ಸಂಗ್ರಹಿಸುವವರಲ್ಲದೆ ಬೇರೆ ಯಾವುದೋ ಗುಂಪಿಗೂ ಅದು ಬೇಕಾಗಿರಬೇಕು. ಬಾಹ್ಯಾಕಾಶದ ಪದಕಗಳು ಒಳ್ಳೆಯ ಉದಾಹರಣೆ. ಅಪೋಲೋ ಗಗನಯಾತ್ರಿಗಳಿಗಾಗಿ ಮಸಾಚುಸೆಟ್ಸ್‌ನ ರಾಬಿನ್ಸ್ ಕಂಪನಿ ಸಣ್ಣ ಬೆಳ್ಳಿ ಪದಕ ಮಾಡುತ್ತಿತ್ತು, ಅವುಗಳ ಮೇಲೆ ಕ್ರಮಸಂಖ್ಯೆ ಇರುತ್ತದೆ. ಅಪೋಲೋ 11ರಲ್ಲಿ ನಿಜವಾಗಿ ಚಂದ್ರನ ಹತ್ತಿರ ಹೋಗಿಬಂದ ಒಂದು ಪದಕಕ್ಕೆ ಹರಾಜಿನಲ್ಲಿ ಹತ್ತಾರು ಸಾವಿರ ಡಾಲರ್ ಬಂದಿದೆ. ಅದೇ ಹೊತ್ತಿಗೆ ಇದಕ್ಕೆ ತಮ್ಮನಂಥದ್ದು ಒಂದಿದೆ. ಅಪೋಲೋ 14ರ ಜೊತೆ ಫ್ರಾಂಕ್ಲಿನ್ ಮಿಂಟಿನ ಬೆಳ್ಳಿ ಪದಕಗಳು ಹೋಗಿದ್ದವು. ವಾಪಸ್ ಬಂದ ಮೇಲೆ ಅವುಗಳಲ್ಲಿ ಕೆಲವನ್ನು ಕರಗಿಸಿ, ಬೇರೆ ಬೆಳ್ಳಿಯ ಜೊತೆ ಬೆರೆಸಿ, ಒಂದು ಲಕ್ಷಕ್ಕೂ ಜಾಸ್ತಿ ಪುಟಾಣಿ ಪದಕ ಮಾಡಿ ಕಂಪನಿಯ ಸಂಗ್ರಹಕಾರರ ಸಂಘದ ಸದಸ್ಯರಿಗೆ ಹಂಚಿದರು. ಗಂಗಾಜಲದ ಒಂದು ತೊಟ್ಟನ್ನು ಹಂಡೆ ನೀರಿಗೆ ಹಾಕಿದ ಹಾಗೆ. "ಚಂದ್ರನಿಗೆ ಹೋಗಿಬಂದ ಬೆಳ್ಳಿ" ಎಂದು ಯಾರಾದರೂ ದೊಡ್ಡ ಬೆಲೆ ಹೇಳಿದರೆ ಇದೋ ಅದೋ ಎಂದು ಮೊದಲು ಕೇಳಿ.

ಹಳೆಯವೂ ಲೆಕ್ಕಕ್ಕೆ ಬರುತ್ತವೆ. 1900–01ರಲ್ಲಿ ಕೊಲರಾಡೋದ ವಿಕ್ಟರ್ ಎಂಬ ಗಣಿ ಊರಿನಲ್ಲಿ ಜೋಸೆಫ್ ಲೆಶರ್ ಎಂಬಾತ ಬೆಳ್ಳಿಯೂ ಹಣವಾಗಿ ಚಲಾವಣೆಯಲ್ಲಿರಬೇಕು ಎಂಬ ವಾದಕ್ಕೆ ಬೆಂಬಲವಾಗಿ ಎಂಟು ಮೂಲೆಯ ಬೆಳ್ಳಿ ಬಿಲ್ಲೆಗಳನ್ನು ತಾನೇ ಅಚ್ಚು ಹಾಕಿಸಿದ. ಅವಕ್ಕೆ ಇವತ್ತು ಸಾವಿರಾರು ಡಾಲರ್ ಇದೆ. ಒಂದು ಊರಿನ, ಒಂದು ರೈಲಿನ, ಒಂದು ಸೇತುವೆಯ ನೆನಪಿಗೆ ನೂರಿನ್ನೂರು ಮಾತ್ರ ಆದ ಪದಕಗಳಿಗೂ ಆ ಊರಿನವರು ಚೆನ್ನಾಗಿ ಕೊಡುತ್ತಾರೆ. ದೊಡ್ಡ ಚಿತ್ರಕಾರರ, ಅಧ್ಯಕ್ಷರ, ಪಕ್ಷಿಗಳ ದೊಡ್ಡ ಸೆಟ್ಟುಗಳಿಗೆ ಬರುವುದು ಬೆಳ್ಳಿ ಬೆಲೆ, ಪೂರ್ತಿ ಸೆಟ್ ಆದರೆ ಅದರ ಮೇಲೆ ಸ್ವಲ್ಪ. ಪೂರ್ತಿ ಎಂದರೆ ಪದಕ ಮಾತ್ರ ಅಲ್ಲ, ಮರದ ಪೆಟ್ಟಿಗೆ, ಪುಸ್ತಕ, ಪ್ರಮಾಣಪತ್ರ ಎಲ್ಲ. ಹಾಗಾಗಿ ಕಸ ಅಂತ ಆ ಕಾಗದಗಳನ್ನು ಎಸೆಯಬೇಡಿ.

ಬೆಲೆ ನೋಡುವಾಗ ಒಂದೇ ನಿಯಮ. ಇಬೇಯಂಥ ಕಡೆ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದವುಗಳ ಪಟ್ಟಿ ತೆರೆದು ನೋಡಿ. ಕೇಳುವುದಕ್ಕೇನು, ನಾನೂ ನನ್ನ ಹಳೇ ಸ್ಕೂಟರಿಗೆ ಒಂದು ಲಕ್ಷ ಕೇಳಬಹುದು.

ನಮ್ಮ ಮನೆಗಳಲ್ಲಿ ಸಿಗುವವು

ಅಮೆರಿಕದ ಪೆಟ್ಟಿಗೆ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆದರೆ ಬೀರುವಿನಲ್ಲಿ ಲಕ್ಷ್ಮಿಯ ಬೆಳ್ಳಿ ಬಿಲ್ಲೆ ಇಲ್ಲದ ಮನೆ ಕಡಿಮೆ. ದೀಪಾವಳಿಗೆ ಕೊಂಡದ್ದು, ಮದುವೆಯಲ್ಲಿ ಬಂದದ್ದು, ಬ್ಯಾಂಕಿನವರೋ ಕಾರ್ಖಾನೆಯವರೋ ಸುವರ್ಣ ಮಹೋತ್ಸವಕ್ಕೆ ಕೊಟ್ಟದ್ದು. ಇವೂ ಖಾಸಗಿ ಪದಕಗಳೇ. ಲಕ್ಷ್ಮಿ ಬಿಲ್ಲೆಗೆ ಬೆಳ್ಳಿಯ ಬೆಲೆ, ಅಷ್ಟೇ. ಜಾರ್ಜ್ ರಾಜನ ಮುಖ ಹಾಕಿ 999 ಎಂದು ಬರೆದ ರೂಪಾಯಿ ಕಂಡರೆ ಅದು ಇತ್ತೀಚೆಗೆ ಅಚ್ಚಾದದ್ದು. ಬ್ರಿಟಿಷರ ಕಾಲದ ನಿಜವಾದ ಬೆಳ್ಳಿ ರೂಪಾಯಿ 11.66 ಗ್ರಾಂ, 1940ಕ್ಕೆ ಮುಂಚಿನದಾದರೆ ಶುದ್ಧತೆ 91.7 ಪರ್ಸೆಂಟ್, ಆಮೇಲಿನದಾದರೆ ಅರ್ಧ ಮಾತ್ರ, ಅದರ ಮೇಲೆ ಯಾರೂ 999 ಬರೆಯುತ್ತಿರಲಿಲ್ಲ. ಒಂದು ಕಡೆ ರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಎಂದು ಇರುವ ಬಿಲ್ಲೆಯನ್ನು "ಕೋಟಿ ಬೆಲೆ" ಎಂದು ವಾಟ್ಸ್ಯಾಪಿನಲ್ಲಿ ಕಳಿಸುತ್ತಿರುತ್ತಾರಲ್ಲ, ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಅವು ದೇವಸ್ಥಾನದ ಬೀದಿಗಳಲ್ಲಿ ಮಾರಲೆಂದು ಮಾಡಿದ ಬಿಲ್ಲೆಗಳು. ದೇವರ ಮನೆಯಲ್ಲಿಡಿ, ಕೋಟಿ ಮರೆತುಬಿಡಿ.

ಹೊಸದಾಗಿ ಕೊಳ್ಳುವಾಗ ಹಾಲ್‌ಮಾರ್ಕ್ ಇರುವುದನ್ನೇ ಕೊಳ್ಳಿ. ಬೆಳ್ಳಿಗೆ ಅದು ಕಡ್ಡಾಯವಾಗಿಲ್ಲ, ಆದರೂ 2025ರ ಸೆಪ್ಟೆಂಬರ್‌ನಿಂದ ಚಿನ್ನದ ಥರ ಬೆಳ್ಳಿಗೂ ಪ್ರತಿ ವಸ್ತುವಿನ ಗುರುತು ಹೇಳುವ ಎಚ್‌ಯುಐಡಿ ಸಂಖ್ಯೆ ಬಂದಿದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ನಿಜವಾಗಿ ಹುಷಾರಾಗಿರಬೇಕಾದದ್ದು ನೂರು ವರ್ಷ ದಾಟಿದ ಪದಕಗಳ ವಿಷಯದಲ್ಲಿ. ತಾತನ ಪೆಟ್ಟಿಗೆಯಲ್ಲಿ 1911ರ ದೆಹಲಿ ದರ್ಬಾರಿನ ಕಾಲದ ಪದಕ ಸಿಕ್ಕಿದರೆ ಅದನ್ನು ಬೆಳ್ಳಿ ಅಂಗಡಿಗೆ ಒಯ್ಯಬೇಡಿ, ನಾಣ್ಯ ಹರಾಜು ಮಾಡುವವರಿಗೆ ಮೊದಲು ತೋರಿಸಿ. ವಿದೇಶದಲ್ಲಿರುವ ಮಗನಿಗೆ ಕಳಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಆ ಕಡೆಯಿಂದ ಇಲ್ಲಿಗೆ ತರುವವರೂ ಕಸ್ಟಮ್ಸ್‌ನಲ್ಲಿ ಒಡವೆಗೆ ಇರುವ ವಿನಾಯಿತಿ ಪದಕಕ್ಕೂ ಇದೆ ಎಂದು ಸುಮ್ನೆ ಅಂದುಕೊಳ್ಳಬೇಡಿ, ಮೊದಲೇ ವಿಚಾರಿಸಿ.

ಮಾರುವ ದಿನ

ಮನೆಯಲ್ಲೇ ಒಂದು ಪಟ್ಟಿ ಮಾಡಿ. ಪ್ರತಿ ಪದಕದ ಫೋಟೋ ಎರಡೂ ಕಡೆ, ಅಂಚಿನ ಬರಹ, ಅಗಲ ಮಿಲಿಮೀಟರಿನಲ್ಲಿ, ತೂಕ, ಲೆಕ್ಕ ಹಾಕಿದ ಬೆಳ್ಳಿ. ಈ ಕಾಗದ ಕೈಯಲ್ಲಿದ್ದರೆ ಅಂಗಡಿಯವರ ಧಾಟಿಯೇ ಬದಲಾಗುತ್ತದೆ. ನಾನು ಮೊದಲ ಸಲ ಬರಿಗೈಯಲ್ಲಿ ಹೋಗಿದ್ದೆ. ಆ ಅಂಗಡಿಯವರು ಪದಕವನ್ನು ತಿರುಗಿಸಿಯೂ ನೋಡದೆ, "ಫಾರಿನ್ ಮಾಲು, ಟಚ್ (ಶುದ್ಧತೆ) ಕಡಿಮೆ ಇರುತ್ತೆ, 60 ಪರ್ಸೆಂಟ್ ಹಿಡೀತೀನಿ" ಎಂದರು. ಅಂಚಿನಲ್ಲಿ ಸ್ಟರ್ಲಿಂಗ್ ಎಂದಿದೆ ಎಂದರೆ, "ಅದೆಲ್ಲ ನಮಗೆ ಲೆಕ್ಕಕ್ಕಿಲ್ಲ" ಎಂದರು. ಮೇಲೆ ಕರಗಿಸುವ ಖರ್ಚು, ವೇಸ್ಟೇಜ್ ಬೇರೆ. ಆವತ್ತು ಕೊಟ್ಟಿದ್ದರೆ ಅರ್ಧ ದುಡ್ಡು ಹೋಗುತ್ತಿತ್ತು. ಇನ್ನೊಂದು ಕಡೆ ಯಂತ್ರದಲ್ಲಿ ನೋಡಿಸಿ ಚೀಟಿ ತೆಗೆದುಕೊಂಡೆ, 92.6 ಎಂದು ಬಂತು. ಬೆಳ್ಳಿ ಬೆಲೆಗೆ ಮಾರುವಾಗ ಸ್ವಲ್ಪ ಕಡಿತ ಇದ್ದೇ ಇರುತ್ತದೆ, ಅದು ನ್ಯಾಯವೇ. ಆದರೆ ಕಡಿತ ಎಷ್ಟು ಎಂಬುದನ್ನು ತಕ್ಕಡಿ ಮೇಲೆ ಇಡುವ ಮೊದಲೇ ಹೇಳಿಸಿ, ಕನಿಷ್ಠ ಮೂರು ಕಡೆ ಕೇಳಿ, ಕಣ್ಣ ಮುಂದೆ ತೂಗಿಸಿ.

ಮೂಲಬೆಲೆಗಿಂತ ಜಾಸ್ತಿ ಬರಬಹುದು ಅನ್ನಿಸುವುದನ್ನು ಮಾತ್ರ ಬೇರೆ ದಾರಿಯಲ್ಲಿ ಮಾರಿ. ಬೆಂಗಳೂರು, ಮುಂಬೈಯಲ್ಲಿ ನಾಣ್ಯ ಹರಾಜು ಸಂಸ್ಥೆಗಳಿವೆ, ಊರೂರಿನಲ್ಲಿ ನಾಣ್ಯ ಪ್ರದರ್ಶನ ನಡೆಯುತ್ತದೆ. ಹರಾಜಿನವರ ಕಮಿಷನ್ ಕೇಳಿಕೊಳ್ಳಿ. ಅಮೆರಿಕದ ವಿಷಯದ ಪದಕಕ್ಕೆ ಇಲ್ಲಿ ಗಿರಾಕಿ ಕಷ್ಟ. ನೀವು ಅಲ್ಲೇ ಇದ್ದರೆ ಅಲ್ಲೇ ಮಾರುವುದು ಲಾಭ, ಇಲ್ಲಿಗೆ ಹೊತ್ತು ತರುವುದು ವ್ಯರ್ಥ. ಮಾರದೆ ಇಟ್ಟುಕೊಳ್ಳುವುದಾದರೆ ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ, ಎರಡೂ ಬೆಳ್ಳಿಯನ್ನು ಕಪ್ಪು ಮಾಡುತ್ತವೆ. ಪಿವಿಸಿ ಇಲ್ಲದ ಗಟ್ಟಿ ಕವರ್, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಅದನ್ನು ಬದಲಿಸುತ್ತಿರಬೇಕು. ಮಲೆನಾಡು, ಕರಾವಳಿಯವರಿಗೆ ಇದನ್ನು ನಾನೇನು ಹೇಳುವುದು.

ಮಾವನ ಪೆಟ್ಟಿಗೆಯಲ್ಲಿ ಲಕ್ಷಗಟ್ಟಲೆ ಬಾಳುವ ಅಪರೂಪದ್ದು ಯಾವುದೂ ಇರಲಿಲ್ಲ. ಬೆಳ್ಳಿ ಮಾತ್ರ ಅವರು ಹೇಳಿದಷ್ಟೇ ಗಟ್ಟಿಯಾಗಿತ್ತು. ಅರ್ಧ ಮಾರಿ ಅತ್ತೆಯ ಕಣ್ಣಿನ ಆಪರೇಷನ್‌ಗೆ ಕೊಟ್ಟೆವು, ಮಿಕ್ಕದ್ದನ್ನು ಮಕ್ಕಳು ಹಂಚಿಕೊಂಡರು. ನಾನು ವಿಭೂತಿ ಹಾಕಿ ಉಜ್ಜಿದ ಆ ಒಂದು ಪದಕ ನನಗೇ ಉಳಿಯಿತು. ಈಗ ಅದು ದೇವರ ಮನೆಯಲ್ಲಿ ಲಕ್ಷ್ಮಿ ಬಿಲ್ಲೆಯ ಪಕ್ಕ ಇದೆ. ಶುಕ್ರವಾರ ಮನೆಯಾಕೆ ಎಲ್ಲದರ ಜೊತೆ ಅದನ್ನೂ ಉಜ್ಜುತ್ತಾಳೆ, ನಾನು ಏನೂ ಹೇಳುವುದಿಲ್ಲ.